ಪಥ್ಯ ಶುರು ಮಾಡಿದ ಮೇಲೆ ಬಾಯಿ ಕೇಳುತ್ತಲೇ ಇದ್ದರೆ: ಎಲ್ಲಿ ತಪ್ಪಿದೆ ಎಂದು ಹುಡುಕುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಸಂಜೆ ನಾಲ್ಕು ಗಂಟೆಗೆ ಬಸ್ಸಿಳಿದರೆ ಮೊದಲು ಮೂಗಿಗೆ ಬರುವುದು ಕಾದ ತೆಂಗಿನೆಣ್ಣೆಯ ಪರಿಮಳ. ಒಂದು ಬಾಣಲೆಯಲ್ಲಿ ನೇಂದ್ರಕಾಯಿ ಚಿಪ್ಸ್, ಇನ್ನೊಂದರಲ್ಲಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಪಕ್ಕದಲ್ಲಿ ಗೋಳಿಬಜೆ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಮೂರು ತಿಂಗಳ ಸಕ್ಕರೆಯ ಲೆಕ್ಕ, ಅಂದರೆ ಎಚ್‌ಬಿಎ1ಸಿ, 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಮರುದಿನವೇ ಪಥ್ಯ ಹಿಡಿದೆ. ಹತ್ತನೇ ದಿನ ಚಿಪ್ಸ್ ಅಂಗಡಿಯಲ್ಲಿ ಕಾಲು ಕಿಲೋ ಕಟ್ಟಿಸಿದೆ. ಮನೆ ಮುಟ್ಟುವಾಗ ಪೊಟ್ಟಣ ಖಾಲಿ.

ನನ್ನ ಮನಸ್ಸೇ ಗಟ್ಟಿ ಇಲ್ಲ ಎಂದು ತುಂಬಾ ಬೇಜಾರಾಗಿತ್ತು. ಅತ್ತಿಗೆ ನರ್ಸ್ ಆಗಿ ಕೆಲಸ ಮಾಡಿದವರು. ಅವರ ಹತ್ತಿರ ಹೇಳಿಕೊಂಡೆ.

"ಮಧ್ಯಾಹ್ನ ಎಂತ ಉಂಡದ್ದು?"

"ಸ್ವಲ್ಪ ಗಂಜಿ, ಮಿಡಿ ಉಪ್ಪಿನಕಾಯಿ."

"ಪದಾರ್ಥ? ಪಲ್ಯವೋ ಸಾಂಬಾರೋ?"

"ಇಲ್ಲ, ಪಥ್ಯ ಅಲ್ವಾ."

"ಮತ್ತೆ ನಾಲ್ಕು ಗಂಟೆಗೆ ಹೊಟ್ಟೆ ಸುಮ್ನೆ ಕೂತ್ಕೊಳ್ತದಾ?"

ಆ ದಿನದಿಂದ ನಾನು ಮನಸ್ಸನ್ನು ಬೈಯುವುದು ಬಿಟ್ಟೆ, ಬಟ್ಟಲು ನೋಡಲು ಶುರು ಮಾಡಿದೆ. ಚಪಲ ಎಂದು ನಾವು ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಊಟದ ತಪ್ಪೇ ಇರುತ್ತದೆ ಎಂಬುದು ನನ್ನ ಅನುಭವ. ಉಳಿದದ್ದು ನಿದ್ದೆ, ಅಭ್ಯಾಸ, ಅಪರೂಪಕ್ಕೆ ಯಾವುದಾದರೂ ಕಾಯಿಲೆ. ಯಾವುದು ಎಂದು ಲಕ್ಷಣ ನೋಡಿ ಹುಡುಕಬೇಕು. ಖರ್ಚಿಲ್ಲದ್ದನ್ನು ಮೊದಲು ನೋಡಿ. ಪರೀಕ್ಷೆ, ಡಾಕ್ಟರ್ ಎಲ್ಲ ಆಮೇಲೆ.

ಒಂದು ಮಾತು ಮೊದಲೇ ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಬಸುರಿಯರು, ಬಾಣಂತಿಯರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ಬೆಳೆಯುವ ಮಕ್ಕಳಿಗೂ ನೀವಾಗಿ ಪಥ್ಯ ಹಾಕಬೇಡಿ. ಕೊನೆಯ ಭಾಗವನ್ನು ನೀವು ಮೊದಲು ಓದಿ.

ಎಲ್ಲರೂ ಮೊದಲು ಮಾಡಬೇಕಾದ್ದು: ಗಂಜಿ ಪರೀಕ್ಷೆ

ಏನಾದರೂ ತಿನ್ನಬೇಕು ಅನಿಸಿದಾಗ ಒಂದು ಲೋಟ ನೀರು ಕುಡಿದು ನಿಮ್ಮನ್ನೇ ಕೇಳಿ: ಈಗ ಒಂದು ಬಟ್ಟಲು ಗಂಜಿ, ಹೆಸರುಕಾಳಿನ ಪಲ್ಯ ಎದುರಿಗಿಟ್ಟರೆ ತಿನ್ನುತ್ತೇನಾ?

ತಿನ್ನುತ್ತೇನೆ ಅನಿಸಿದರೆ ಅದು ಹಸಿವು. ಊಟ ಮಾಡಿ. ಹಸಿವನ್ನು ಅದುಮಿ ಹಿಡಿದರೆ ಅದು ಸಂಜೆಗೋ ರಾತ್ರಿಗೋ ಎರಡರಷ್ಟಾಗಿ ಬರುತ್ತದೆ. "ಗಂಜಿ ಬೇಡ, ಚಿಪ್ಸೇ ಆಗಬೇಕು" ಅನಿಸಿದರೆ ಅದು ಚಪಲ. ಅದು ತೆರೆಯ ಹಾಗೆ ಏರಿ ಇಳಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ಬೇರೆ ಕೆಲಸ ಹಿಡಿದರೆ ಹೆಚ್ಚಾಗಿ ತಗ್ಗುತ್ತದೆ. ನಾನು ಅಂಗಳ ಗುಡಿಸುತ್ತೇನೆ, ಇಲ್ಲದಿದ್ದರೆ ತೋಟದ ಕಡೆ ಒಂದು ಸುತ್ತು ಹೋಗಿ ಬರುತ್ತೇನೆ. ಕೈ ಖಾಲಿ ಇರಬಾರದು, ಅಷ್ಟೇ.

ಇದರ ಜೊತೆ ಒಂದು ನೋಟ್‌ಬುಕ್ ಇಡಿ. ಗಂಟೆ ಎಷ್ಟು, ಏನು ಬೇಕೆನಿಸಿತು, ಅದಕ್ಕೆ ಮುಂಚೆ ಉಂಡದ್ದು ಏನು, ರಾತ್ರಿ ಎಷ್ಟು ಗಂಟೆ ನಿದ್ದೆ. ನಾಲ್ಕೇ ಸಾಲು. ಒಂದು ವಾರ ಬರೆದರೆ ಎಲ್ಲಿ ತೂತು ಇದೆ ಎಂದು ಕಾಣುತ್ತದೆ.

ಲಕ್ಷಣ: ಸಂಜೆ ನಾಲ್ಕಾದರೆ ಸಿಹಿ ಅಥವಾ ಕರಿದದ್ದು ಬೇಕೇ ಬೇಕು

ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಕಾಣುವ ತೊಂದರೆ ಇದು. ಚಾಯಕ್ಕೆ 'ಕಡಿ', ಅಂದರೆ ಜೊತೆಗೊಂದು ತಿಂಡಿ, ಇಲ್ಲದಿದ್ದರೆ ಚಾಯವೇ ಅಲ್ಲ ಎಂದು ಅಭ್ಯಾಸ ಆಗಿಬಿಟ್ಟಿದೆ, ಅಲ್ವಾ? ಆದರೆ ಅಭ್ಯಾಸದ ಮೇಲೆ ತಪ್ಪು ಹೊರಿಸುವ ಮುಂಚೆ ಬೆಳಿಗ್ಗೆ ಮತ್ತು ಮಧ್ಯಾಹ್ನದ ಊಟ ನೋಡಿ.

ಬೆಳಿಗ್ಗೆ ನಾಲ್ಕು ನೀರುದೋಸೆ, ಬೆಲ್ಲ-ಕಾಯಿ. ಮಧ್ಯಾಹ್ನ ಗಂಜಿ, ಚಟ್ನಿ. ಇದರಲ್ಲಿ ಅಕ್ಕಿ ಬಿಟ್ಟರೆ ಹೆಚ್ಚು ಏನೂ ಇಲ್ಲ. ನೀರುದೋಸೆ ಹತ್ತಿಯ ಹಾಗೆ ಹಗುರ. ಬೇಗ ಕರಗುತ್ತದೆ, ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ, ಎರಡು ಮೂರು ಗಂಟೆಯೊಳಗೆ ಇಳಿಯುತ್ತದೆ. ಇಳಿಯುವಾಗ ದೇಹ ಬೇಗ ಸಿಗುವ ಸಿಹಿಯನ್ನೇ ಕೇಳುತ್ತದೆ. ಹೊಟ್ಟೆ ಹೆಚ್ಚು ಹೊತ್ತು ನಿಲ್ಲಬೇಕಾದರೆ ಪ್ರೋಟೀನ್ ಮತ್ತು ನಾರು ಬೇಕು. 100 ಗ್ರಾಂ ಒಣ ಕಡಲೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ಅಕ್ಕಿಯಲ್ಲಿ ಇರುವುದು 7-8 ಗ್ರಾಂ. ಹುರುಳಿ, ಹೆಸರು, ಅಲಸಂಡೆ ಕಡಲೆಗಿಂತ ಕಡಿಮೆ ಏನಲ್ಲ. ಮೀನು ತಿನ್ನುವ ಮನೆಯಲ್ಲಿ ಭೂತಾಯಿ, ಬಂಗುಡೆ ಇದೆ. ಆದರೆ ಸಾರು ಮಾಡಿ, ಹುರಿಯಬೇಡಿ.

ಸರಿಪಡಿಸುವ ಕ್ರಮ ಹೀಗೆ. ಮೊದಲನೆಯದಾಗಿ, ಮಧ್ಯಾಹ್ನದ ಅನ್ನವನ್ನು ಒಂದೇ ಸಲ ಅರ್ಧ ಮಾಡಬೇಡಿ. ಒಂದು ಸೌಟು ಮಾತ್ರ ತೆಗೆದು, ಆ ಜಾಗಕ್ಕೆ ಒಂದು ಸೌಟು ಕಾಳಿನ ಪದಾರ್ಥ, ಒಂದು ಸೌಟು ತರಕಾರಿ ಪಲ್ಯ ಹಾಕಿ. ತೊಂಡೆಕಾಯಿ, ಬಾಳೆಹೂ, ಹರಿವೆ, ಏನಾದರೂ ಆಗುತ್ತದೆ. ನಾಲ್ಕು ದಿನ ನೋಡಿ. ನನಗೆ ಇಷ್ಟರಲ್ಲೇ ಅರ್ಧ ತೊಂದರೆ ಹೋಯಿತು.

ಅದರಿಂದಲೂ ಹೋಗದಿದ್ದರೆ ಮೂರೂವರೆಗೇ ಏನಾದರೂ ತಿನ್ನಿ. ನಾಲ್ಕು ಗಂಟೆಯ ಚಪಲ ಬರುವ ಮುಂಚೆ ತಿನ್ನಬೇಕು, ಬಂದ ಮೇಲೆ ಕಡಲೆಗೆ ಯಾರೂ ಕೈ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಈಗ ರಾತ್ರಿ ಮಲಗುವ ಮುಂಚೆ ಎರಡು ಮುಷ್ಟಿ ಕಪ್ಪು ಕಡಲೆ ನೆನೆಹಾಕುತ್ತೇವೆ. ಬೆಳಿಗ್ಗೆ ಅದು ಉಬ್ಬಿ ಪಾತ್ರೆಯ ಅರ್ಧಕ್ಕೆ ಬಂದಿರುತ್ತದೆ. ಕುಕ್ಕರಿನಲ್ಲಿ ನಾಲ್ಕು ಸೀಟಿ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಒಳಗೆ ಹಿಟ್ಟಾಗಬೇಕು, ಗಟ್ಟಿ ಉಳಿದರೆ ಹೊಟ್ಟೆ ಉಬ್ಬರಿಸುತ್ತದೆ. ಒಂದು ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಸೊಪ್ಪು. ಮೇಲಿಂದ ಸ್ವಲ್ಪ ಕಾಯಿತುರಿ. ಸಾಸಿವೆ ಸಿಡಿಯುವ ಆ ಪರಿಮಳ ಇದೆಯಲ್ಲ, ಕರಿದ ತಿಂಡಿಯ ಆಸೆಯ ದೊಡ್ಡ ಪಾಲು ಅದರಲ್ಲೇ ತೀರುತ್ತದೆ. ನಾಲಿಗೆ ಕೇಳುವುದು ತೆಂಗಿನೆಣ್ಣೆಯ ವಾಸನೆ ಮತ್ತು ಉಪ್ಪು-ಖಾರ. ಅದಕ್ಕೆ ಬಾಣಲೆ ತುಂಬ ಎಣ್ಣೆ ಬೇಡ.

ಸಿಹಿಯೇ ಬೇಕಾದವರಿಗೆ ಅರ್ಧ ನೇಂದ್ರ ಬಾಳೆಹಣ್ಣು, ಹಬೆಯಲ್ಲಿ ಬೇಯಿಸಿ. ಪೂರ್ತಿ ಕಪ್ಪಾದ ಹಣ್ಣು ಬೇಡ, ಅದರಲ್ಲಿ ಸಕ್ಕರೆ ಜಾಸ್ತಿ. ಜೊತೆಗೆ ನಾಲ್ಕು ಗೇರುಬೀಜ ತಿಂದರೆ ಬೇಗ ಹಸಿವಾಗುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಪೇಟೆಯಲ್ಲಿ ಮಾತ್ರ ಆಸೆ ಕೆರಳುತ್ತದೆ, ರಜೆಯ ದಿನ ಮನೆಯಲ್ಲಿ ಇಲ್ಲ ಎಂದಾದರೆ? ಹಾಗಾದರೆ ಅದು ದಾರಿಯ ತೊಂದರೆ. ಬಾಣಲೆ ಕಾಣುತ್ತದೆ, ಪರಿಮಳ ಬರುತ್ತದೆ, ಕಾಲು ತಾನಾಗಿ ಅಲ್ಲಿ ನಿಲ್ಲುತ್ತದೆ. ಒಂದು ತಿಂಗಳ ಮಟ್ಟಿಗೆ ರಸ್ತೆಯ ಆಚೆ ಬದಿಯಲ್ಲಿ ನಡೆಯಿರಿ. ಹೇಳಲು ಸಣ್ಣ ವಿಷಯ, ಆದರೆ ನಿಜವಾಗಿ ಉಪಕಾರ ಆಗುತ್ತದೆ.

ಲಕ್ಷಣ: ಸಕ್ಕರೆ ಬಿಟ್ಟ ಮೇಲೆ ಚಾ ಸಪ್ಪೆ, ತಲೆನೋವು, ಎಲ್ಲರ ಮೇಲೂ ಸಿಟ್ಟು

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದಾಗಿ ಕಾಣುತ್ತವೆ.

ಸಕ್ಕರೆಯ ಜೊತೆ ಚಾ, ಕಾಫಿಯನ್ನೂ ಒಟ್ಟಿಗೇ ಬಿಟ್ಟಿದ್ದೀರಾ? ಹಾಗಾದರೆ ತಲೆನೋವು ಕೆಫೀನ್ ನಿಂತದ್ದಕ್ಕೆ. ಬಿಟ್ಟು 12ರಿಂದ 24 ಗಂಟೆಯಲ್ಲಿ ಶುರುವಾಗಿ, ಒಂದೆರಡು ದಿನ ಜೋರಾಗಿದ್ದು, ಹೆಚ್ಚೆಂದರೆ ಒಂಬತ್ತು ದಿನದಲ್ಲಿ ಹೋಗುತ್ತದೆ. ಅದಕ್ಕೆ ಎರಡನ್ನೂ ಒಟ್ಟಿಗೆ ಬಿಡಬೇಡಿ. ಚಾ ಇರಲಿ, ಮೊದಲು ಸಕ್ಕರೆ ಇಳಿಸಿ.

ಚಾ ಕುಡಿಯುತ್ತಲೇ ಇದ್ದೀರಿ, ರುಚಿ ಮಾತ್ರ ಇಲ್ಲ ಎಂದಾದರೆ ಸಕ್ಕರೆಯನ್ನು ತುಂಬಾ ಬೇಗ ಇಳಿಸಿದ್ದೀರಿ. ಲೆಕ್ಕ ನೋಡಿ. ದಿನಕ್ಕೆ ನಾಲ್ಕು ಚಾ, ಒಂದಕ್ಕೆ ಎರಡು ಚಮಚ, ಚಮಚಕ್ಕೆ ಸುಮಾರು 5 ಗ್ರಾಂ. ಚಾಯದಲ್ಲೇ 40 ಗ್ರಾಂ ಆಯಿತು. ಹೊರಗಿನಿಂದ ಹಾಕುವ ಸಕ್ಕರೆ ದೊಡ್ಡವರಿಗೆ ದಿನಕ್ಕೆ 50 ಗ್ರಾಂ ಒಳಗಿರಲಿ, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ನಾಲ್ಕು ವಾರದಲ್ಲಿ ಸೊನ್ನೆಗೆ ಬರುತ್ತೀರಿ, ನಾಲಿಗೆಗೂ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಶುಂಠಿ, ಏಲಕ್ಕಿ ಜಜ್ಜಿ ಹಾಕಿದರೆ ಸಪ್ಪೆ ಅನಿಸುವುದಿಲ್ಲ.

ಹೋಟೆಲಿನಲ್ಲಿ ನಾಚಿಕೆ ಬೇಡ. ನಮ್ಮ ಜಿಲ್ಲೆಯ ಯಾವ ಚಾಯದ ಅಂಗಡಿಯಲ್ಲೂ "ಒಂದು ವಿತ್ತೌಟ್" ಅಂದರೆ ಸಾಕು, ಸಕ್ಕರೆ ಇಲ್ಲದ ಚಾ ಬರುತ್ತದೆ. ಮಲಯಾಳ, ಕನ್ನಡ, ತುಳು ಯಾವ ಭಾಷೆಯವರಿಗೂ ಆ ಒಂದು ಶಬ್ದ ಗೊತ್ತು.

ಬೆಲ್ಲದ ವಿಷಯ ನೇರವಾಗಿ ಹೇಳುತ್ತೇನೆ. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವ ಊರು ನಮ್ಮದು, ಬೆಲ್ಲದ ಮೇಲೆ ನನಗೂ ಪ್ರೀತಿ ಇದೆ. ಆದರೆ ರಕ್ತದ ಸಕ್ಕರೆ ಏರಿಸುವ ವಿಷಯದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ದೊಡ್ಡ ವ್ಯತ್ಯಾಸ ಇಲ್ಲ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ತೆಂಗಿನ ಹೊಂಬಾಳೆಯಿಂದ ಕಲ್ಪರಸ ಇಳಿಸುವ ಒಳ್ಳೆಯ ವಿಧಾನ ಕಂಡುಹಿಡಿದಿದೆ. ಕೃಷಿಕರಿಗೆ ಅದರಿಂದ ಆದಾಯ ಬಂದರೆ ಸಂತೋಷವೇ. ಆದರೆ ಆ ರಸ ಕಾಯಿಸಿ ಮಾಡಿದ ತೆಂಗಿನ ಸಕ್ಕರೆಯನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿ.

ಲಕ್ಷಣ: ಊಟಕ್ಕೆ ಕೂತರೆ ಉಪ್ಪಿನಕಾಯಿ, ಹಪ್ಪಳ ಇಲ್ಲದೆ ಅನ್ನ ಇಳಿಯುವುದಿಲ್ಲ

ಮೊದಲು ಕೆಲಸ ನೋಡಿ. ಏಪ್ರಿಲ್ ತಿಂಗಳ ಬಿಸಿಲಲ್ಲಿ ತೋಟದಲ್ಲಿ ದುಡಿದು ಅಂಗಿ ಹಿಂಡುವಷ್ಟು ಬೆವರಿದರೆ ಉಪ್ಪು ಬೇಕೆನಿಸುವುದು ಸಹಜ. ಒಂದು ಲೋಟ ನೀರುಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಅದರಲ್ಲಿ ತೀರುತ್ತದಾ ನೋಡಿ.

ಮನೆಯೊಳಗೇ ಇದ್ದು, ಬೆವರದೆ, ಆದರೂ ಉಪ್ಪು ಬೇಕಾದರೆ ಅದು ನಾಲಿಗೆಯ ಅಭ್ಯಾಸ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಅಡುಗೆ ಸೇರಿ ಒಂದು ಚಹಾ ಚಮಚದಷ್ಟು ಉಪ್ಪು ಸಾಕು. ಮಿಡಿಯ ಭರಣಿಗೆ ನಾವು ಹಾಕುವ ಉಪ್ಪು ನೆನಪು ಮಾಡಿಕೊಳ್ಳಿ. ಹಲಸಿನ ಹಪ್ಪಳ, ಉಪ್ಪುಸೊಳೆಯೂ ಹಾಗೇ. ಇಳಿಸಿದ ಮೊದಲ ವಾರ ಎಲ್ಲ ಸಪ್ಪೆ. ಕೆಲವು ವಾರ ಕಳೆದರೆ ಕಡಿಮೆ ಉಪ್ಪೇ ಸರಿ ಅನಿಸುತ್ತದೆ. ಆ ಮಧ್ಯದ ದಿನಗಳನ್ನು ದಾಟಿಸುವುದು ಹುಳಿ. ಪುನರ್ಪುಳಿ ಸಾರು, ಬಿಂಬುಳಿ ಚಟ್ನಿ, ಲಿಂಬೆ. ಬಾಯಿಗೆ ಹುಳಿ ಸಿಕ್ಕಿದರೆ ಉಪ್ಪು ಕಡಿಮೆ ಇದ್ದದ್ದು ಅಷ್ಟು ಗೊತ್ತಾಗುವುದಿಲ್ಲ.

ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿಯ ಕೆಲವು ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಅದನ್ನು ಬಳಸಬಾರದು. ಉಪ್ಪಿನ ಆಸೆಯ ಜೊತೆ ತೀರದ ಸುಸ್ತು, ಎದ್ದು ನಿಂತರೆ ತಲೆ ತಿರುಗುವುದು, ತೂಕ ಇಳಿಯುವುದು, ಮೈಬಣ್ಣ ಕಪ್ಪಾಗುವುದು ಸೇರಿದ್ದರೆ ಅಡ್ರಿನಲ್ ಗ್ರಂಥಿಯ ತೊಂದರೆ ಇರಬಹುದು. ಅಪರೂಪ, ಆದರೆ ತಡ ಮಾಡಬಾರದು.

ಲಕ್ಷಣ: ಹಗಲೆಲ್ಲ ಪಥ್ಯ ಸರಿ, ರಾತ್ರಿ ಊಟ ಆದ ಮೇಲೆ ಡಬ್ಬಿ ಹುಡುಕುವುದು

ಹಗಲು ತೀರಾ ಕಡಿಮೆ ಉಂಡಿರಬಹುದು. ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆಯ ತಿಂಡಿಯ ಜಾಗ ಖಾಲಿ ಇದ್ದರೆ ಉತ್ತರ ಅಲ್ಲೇ ಇದೆ.

ಊಟ ಸರಿ ಇದ್ದರೆ ನಿದ್ದೆ ನೋಡಿ. ನಿದ್ದೆ ಕಡಿಮೆಯಾದ ಮರುದಿನ ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚುತ್ತದೆ, ಹೊಟ್ಟೆ ತುಂಬಿತು ಎಂದು ತಿಳಿಸುವ ಲೆಪ್ಟಿನ್ ಇಳಿಯುತ್ತದೆ. ರಾತ್ರಿಯಿಡೀ ಯಕ್ಷಗಾನ ಬಯಲಾಟ ನೋಡಿ ಬಂದ ಮರುದಿನ, ಭೂತಕೋಲದ ಮರುದಿನ ಎಷ್ಟು ತಿಂದರೂ ಸಾಲದು ಅನಿಸುವುದು ಇದೇ ಕಾರಣಕ್ಕೆ. ಅಂಥ ದಿನ ಪಥ್ಯವನ್ನು ಬಿಗಿ ಮಾಡಬೇಡಿ, ಮಧ್ಯಾಹ್ನ ಅರ್ಧ ಗಂಟೆ ಮಲಗಿ.

ಊಟ ಆದ ಕೂಡಲೇ ಹಲ್ಲುಜ್ಜುವುದು ಒಳ್ಳೆಯ ಉಪಾಯ. ಕೆಲವರು ರಾತ್ರಿಯ ಚಪಲಕ್ಕೆ ಎಲೆ-ಅಡಿಕೆ ಹಾಕುತ್ತಾರೆ. ದಯವಿಟ್ಟು ಬೇಡ. ಅಡಿಕೆ ನಮ್ಮ ಅನ್ನದ ಬೆಳೆ, ನನ್ನ ಮನೆಯದೂ ಹೌದು. ಆದರೂ ಹೇಳುತ್ತೇನೆ, ಜಗಿಯುವ ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಒಂದು ಚಪಲ ಬಿಡಿಸಲು ಇನ್ನೊಂದನ್ನು ಕಟ್ಟಿಕೊಳ್ಳುವುದು ಬೇಡ.

ಲಕ್ಷಣ: ಒಂದು ಜಂಬ್ರದ (ಸಮಾರಂಭದ) ಊಟ ಮುಗಿಸಿ ಬಂದರೆ ಮೂರು ದಿನ ಪಥ್ಯವೇ ಇಲ್ಲ

ತಪ್ಪು ಹೆಚ್ಚಾಗಿ ಹೋಗುವ ಮುಂಚೆಯೇ ಆಗಿರುತ್ತದೆ. ಪಾಯಸ, ಹೋಳಿಗೆ ಇದೆ ಎಂದು ಬೆಳಿಗ್ಗೆ ಏನೂ ತಿನ್ನದೆ ಹೋಗುತ್ತೇವೆ. ಎಲೆ ಹಾಕುವುದು ಒಂದೂವರೆ ಗಂಟೆಗೆ. ಆ ಹಸಿವಿಗೆ ಎರಡು ಹೋಳಿಗೆ ಲೆಕ್ಕವೇ ಅಲ್ಲ. ಎರಡು ಇಡ್ಲಿಯಾದರೂ ತಿಂದು ಹೊರಡಿ. ಎಲೆಯಲ್ಲಿ ಮೊದಲು ಪಲ್ಯ, ಕೋಸಂಬರಿ, ಸಾಂಬಾರು ಉಂಡು, ಆಮೇಲೆ ಒಂದು ಹೋಳಿಗೆ ಸಮಾಧಾನದಲ್ಲಿ ತಿನ್ನಿ. ವಿಚಾರಿಸುತ್ತಾ ಬಂದವರಿಗೆ "ಒಂದು ತಿಂದೆ, ಒಳ್ಳೆ ಆಗಿದೆ" ಎಂದು ಹೇಳಿ ಎಲೆಗೆ ಕೈ ಅಡ್ಡ ಹಿಡಿಯಿರಿ. ಯಾರಿಗೂ ಬೇಜಾರಾಗುವುದಿಲ್ಲ. ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡಿ, ಎಂದಿನ ಊಟಕ್ಕೇ ಮರಳಿ.

ಲಕ್ಷಣ: ತಿನ್ನಲು ಶುರು ಮಾಡಿದರೆ ಡಬ್ಬಿ ಖಾಲಿಯಾಗುವ ತನಕ ನಿಲ್ಲುವುದಿಲ್ಲ

ಸುಲಭದ್ದು ಮೊದಲು. ಡಬ್ಬಿಯಿಂದ ನೇರ ತಿನ್ನಬೇಡಿ. ಸಣ್ಣ ತಟ್ಟೆಗೆ ಒಂದು ಹಿಡಿ ಹಾಕಿ, ಡಬ್ಬಿ ಮುಚ್ಚಿ ಅಟ್ಟದಲ್ಲಿಟ್ಟು, ಕೂತು ತಿನ್ನಿ. ಕಾಲು ಕಿಲೋ ತರುವ ಬದಲು 50 ಗ್ರಾಂ ತನ್ನಿ.

ಅದಕ್ಕೂ ನಿಲ್ಲದಿದ್ದರೆ ಪಥ್ಯ ತುಂಬಾ ಬಿಗಿಯಾಗಿದೆಯಾ ನೋಡಿ. "ಇನ್ನು ಜನ್ಮದಲ್ಲಿ ಚಿಪ್ಸ್ ಮುಟ್ಟುವುದಿಲ್ಲ" ಎಂದು ಹೇಳಿಕೊಂಡ ವಾರವೇ ನಾನು ಜಾಸ್ತಿ ತಿಂದದ್ದು. ಈಗ ಭಾನುವಾರ ಸಂಜೆ ಒಂದು ಹಿಡಿ ತಿನ್ನುತ್ತೇನೆ, ಎಲ್ಲರ ಜೊತೆ ಜಗಲಿಯಲ್ಲಿ ಕೂತು. ಉಳಿದ ದಿನ ಅದರ ನೆನಪು ಅಷ್ಟು ಕಾಡುವುದಿಲ್ಲ.

ಆದರೆ ಇಲ್ಲಿ ಒಂದು ಗೆರೆ ಇದೆ. ವಾರ ವಾರವೂ ಕೈ ತಡೆಯಲಾಗದೆ ತುಂಬಾ ತಿನ್ನುವುದು, ಯಾರೂ ಇಲ್ಲದಾಗ ಕದ್ದು ತಿನ್ನುವುದು, ತಿಂದ ಮೇಲೆ ಅಸಹ್ಯಪಟ್ಟು ಅಳುವುದು, ವಾಂತಿ ಮಾಡಿಸಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು. ಇದರಲ್ಲಿ ಯಾವುದಾದರೂ ಇದ್ದರೆ ಪಥ್ಯ ಅಲ್ಲಿಗೇ ನಿಲ್ಲಿಸಿ. ಇದು ಚಪಲ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಡಾಕ್ಟರ್ ಹತ್ತಿರ ಹೇಳಲು ಮುಜುಗರ ಆದರೆ ಮೊದಲು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಇಲ್ಲ.

ಲಕ್ಷಣ: ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್ ತಿನ್ನಬೇಕು ಅನಿಸುವುದು

ಅಕ್ಕಿ ಆರಿಸುವಾಗ ಒಂದೊಂದು ಹಿಡಿ ಬಾಯಿಗೆ ಹಾಕುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಬಸುರಿಯಾದರೆ ಬಯಕೆ ಎಂದು ಸುಮ್ಮನಾಗುತ್ತೇವೆ. ಸುಮ್ಮನಾಗಬೇಡಿ. ಇದರ ಹಿಂದೆ ಹೆಚ್ಚಾಗಿ ಕಬ್ಬಿಣದ ಕೊರತೆ ಇರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಒಳರೆಪ್ಪೆ ಬಿಳಿಚು, ಕೂದಲು ಉದುರುವುದು ಕೂಡ ಇದ್ದರೆ ಇನ್ನೂ ಅನುಮಾನ. ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಹೆಂಗಸರಿಗೆ 12, ಬಸುರಿಯರಿಗೆ 11, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಎಂದು ಅರ್ಥ. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಾಯದ ಜೊತೆ ನುಂಗಬೇಡಿ, ಊಟದ ಜೊತೆಗೂ ಚಾ ಬೇಡ. ಚಾ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಲಿಂಬೆಹಣ್ಣು, ನೆಲ್ಲಿಕಾಯಿ ಸಹಾಯ ಮಾಡುತ್ತದೆ. ಕೊರತೆ ತುಂಬಿದ ಮೇಲೆ ಹಸಿ ಅಕ್ಕಿಯ ಆಸೆ ತಾನಾಗಿ ಹೋಗುವುದನ್ನು ಅತ್ತಿಗೆ ಎಷ್ಟೋ ಸಲ ನೋಡಿದ್ದಾರೆ.

ಇಲ್ಲಿಗೆ ನಿಲ್ಲಿಸಿ, ಸಹಾಯ ಕೇಳಿ

ಕೈ ನಡುಗುವುದು, ತಣ್ಣಗೆ ಬೆವರುವುದು, ಎದೆ ಡವಡವ, ಕಣ್ಣು ಮಂಜು, ಮಾತು ತಡವರಿಸುವುದು, ಇದರ ಜೊತೆ ಒಮ್ಮೆಲೇ ಸಿಹಿ ಬೇಕೆನಿಸಿದರೆ ತಡೆದುಕೊಳ್ಳಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಂಡು ಊಟ ಕಡಿಮೆ ಮಾಡಿದವರಲ್ಲಿ ರಕ್ತದ ಸಕ್ಕರೆ ಹೀಗೆ ಬೀಳುತ್ತದೆ. ಮನೆಯಲ್ಲಿ ಮೀಟರ್ ಇದ್ದು 70ಕ್ಕಿಂತ ಕಡಿಮೆ ತೋರಿಸಿದರೆ, ಮೀಟರ್ ಇಲ್ಲದಿದ್ದರೆ ಲಕ್ಷಣ ನೋಡಿಯೇ, ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಯಾಗದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಊಟ ಮಾಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ. ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಿ.

ತುಂಬಾ ಹಸಿವು, ತುಂಬಾ ಬಾಯಾರಿಕೆ, ಪದೇ ಪದೇ ಮೂತ್ರ, ಆದರೂ ತೂಕ ಇಳಿಯುತ್ತಿದೆ ಎಂದರೆ ಸಕ್ಕರೆ ಜಾಸ್ತಿ ಆಗಿರಬಹುದು. ಹಸಿವಿನ ಜೊತೆ ತೂಕ ಇಳಿಯುವುದು, ಕೈ ನಡುಕ, ಸೆಖೆ ತಾಳಲಾಗದಿರುವುದು ಇದ್ದರೆ ಥೈರಾಯ್ಡ್ ನೋಡಿಸಿ. ಉಬ್ಬಸಕ್ಕೋ ಗಂಟುನೋವಿಗೋ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದ ಮೇಲೆ ಹಸಿವು ಹೆಚ್ಚಿದ್ದರೆ ಕಾರಣ ಆ ಮಾತ್ರೆಯೇ ಇರಬಹುದು. ಆದರೆ ಅದನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಅಪಾಯ.

ಇದು ಯಾವುದೂ ಅಲ್ಲ, ಮೇಲಿನ ತಿದ್ದುಪಡಿ ಎಲ್ಲ ಮಾಡಿ ನಾಲ್ಕು ವಾರ ಆಯಿತು, ಆದರೂ ಬಾಯಿ ಕೇಳುವುದು ನಿಂತಿಲ್ಲ ಎಂದರೆ ಡಾಕ್ಟರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಅದರ ಕೊನೆಯ ಪುಟದಲ್ಲಿ ಬರೆದಿಡಿ, ಆಯುರ್ವೇದದ ಕಷಾಯ ಇದ್ದರೆ ಅದನ್ನೂ.